ಮಿಸ್ತ್ರಿಯ ಮಾತು, ಗಿರಾಕಿಯ ವಿವೇಕ

ಮನುಷ್ಯನು ತನಗೆ ತಿಳಿಯದ ವಿಷಯಗಳಲ್ಲಿ ತಿಳಿದವರನ್ನು ಆಶ್ರಯಿಸಿಯೇ ಬಾಳಬೇಕಾಗಿದೆ. ವೈದ್ಯನು ನಾಡಿ ಹಿಡಿದು ಹೇಳಿದ್ದನ್ನು ರೋಗಿಯು ನಂಬುತ್ತಾನೆ. ಅಕ್ಕಸಾಲಿಗನು ಒರೆಗೆ ಹಚ್ಚಿ ಹೇಳಿದ್ದನ್ನು ಗೃಹಿಣಿಯು ನಂಬುತ್ತಾಳೆ. ಈ ನಂಬಿಕೆಯಿಲ್ಲದಿದ್ದರೆ ಲೋಕವ್ಯವಹಾರವು ಒಂದು ದಿನವೂ ನಡೆಯಲಾರದು. ಆದರೆ ಕೊರತೆಯನ್ನು ಕಂಡುಹಿಡಿಯುವವನೂ, ಅದನ್ನು ಸರಿಪಡಿಸಿ ಹಣ ಪಡೆಯುವವನೂ ಒಬ್ಬನೇ ಆಗಿದ್ದರೆ ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಎಷ್ಟರಮಟ್ಟಿಗೆ ಶಂಕಿಸಬೇಕು? ಇದು ಮೇಲುನೋಟಕ್ಕೆ ಹಣದ ಪ್ರಶ್ನೆಯಂತೆ ಕಂಡರೂ ನಿಜದಲ್ಲಿ ನೀತಿಯ ಪ್ರಶ್ನೆ. ಏಕೆಂದರೆ ಕುರುಡು ನಂಬಿಕೆಯಿಂದ ನಮ್ಮ ಹಣ ಹೋಗುತ್ತದೆ. ಕುರುಡು ಸಂಶಯದಿಂದ ಇನ್ನೊಬ್ಬರ ಮಾನ ಹೋಗುತ್ತದೆ.

ಈ ವಿಚಾರವನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ಒಂದು ಹಳೆಯ ಕಾರಿನಿಂದ, ಅದಕ್ಕಿಂತ ಹೆಚ್ಚಾಗಿ ನನ್ನದೇ ತಪ್ಪಿನಿಂದ ಕಲಿತೆನು. ವಾಚಕ ಬಂಧುಗಳ ಮುಂದೆ ಅದನ್ನು ಬಿಚ್ಚಿಡುವುದು ಪ್ರಯೋಜನಕರವೆಂದು ಭಾವಿಸಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಉರಿಬಿಸಿಲು. ಬೀದರದಿಂದ ಔರಾದಕ್ಕೆ ಹೊರಟಿದ್ದ ನಮ್ಮ ಕಾರು ಕೌಠಾದ ಹತ್ತಿರ, ಮಾಂಜ್ರಾ ನದಿಯ ಸೇತುವೆಗೆ ಸಮೀಪದಲ್ಲಿ, ರಸ್ತೆ ಕಾಮಗಾರಿಗಾಗಿ ತಡೆದ ವಾಹನಗಳ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾಯಿತು. ಶಾಖ ತೋರಿಸುವ ಮುಳ್ಳು ಮೆಲ್ಲನೆ ಏರಿ ಕೆಂಪು ಗೆರೆಯನ್ನು ಮುಟ್ಟಿತು. ಮುಂಭಾಗದಿಂದ ಹಬೆ ಎದ್ದಿತು. ಅಂದಿನ ಪ್ರಯಾಣ ಅಲ್ಲಿಗೇ ನಿಂತಿತು. ಮರುದಿನ ಬೀದರದ ಒಂದು ಗ್ಯಾರೇಜಿನ ಮಿಸ್ತ್ರಿಯು ಕಾರನ್ನು ನೋಡಿ ಒಂದು ಪಟ್ಟಿಯನ್ನೇ ಹೇಳಿದನು: ರೇಡಿಯೇಟರ್ ಹೊಸದು, ವಾಟರ್ ಪಂಪು ಹೊಸದು, ಥರ್ಮೋಸ್ಟಾಟ್ ಹೊಸದು, ಮುಚ್ಚಳ ಹೊಸದು, ಇವುಗಳ ಮೇಲೆ ಎಂಜಿನ್ನನ್ನು ಬಿಚ್ಚಿ ಹೆಡ್ ಗ್ಯಾಸ್ಕೆಟ್ ಬದಲಿಸಬೇಕು. ಒಟ್ಟು ಸುಮಾರು 19,000 ರೂಪಾಯಿ. ಪಂಪಿನ ಕೆಳಗೆ ಬೆರಳಿಟ್ಟು, "ಇಲ್ಲಿ ನೋಡ್ರಿ ಸರ, ಹಸಿರು ಕಲೆ ಅದ. ಇದು ಇವತ್ತಲ್ಲ ನಾಳೆ ಕೈ ಕೊಡ್ತದ" ಎಂದನು. ನಾನು ಬಗ್ಗಿ ನೋಡಿದೆ. ಒಣಗಿದ ಹಸಿರು ಗೆರೆಯೊಂದು ಕಾಣಿಸಿತು. ಆದರೆ ನನ್ನ ಮನಸ್ಸು ಆಗಲೇ 19,000ದ ಮೇಲೆ ನಿಂತಿತ್ತು. ಕಣ್ಣು ಕಂಡದ್ದನ್ನು ಬುದ್ಧಿ ಒಪ್ಪಲಿಲ್ಲ.

ಎರಡನೆಯ ಅಭಿಪ್ರಾಯಕ್ಕಾಗಿ ಭಾಲ್ಕಿಯ ಒಬ್ಬ ಮಿಸ್ತ್ರಿಯಲ್ಲಿಗೆ ಹೋದೆನು. ತಗಡಿನ ಚಪ್ಪರದ ಕೆಳಗೆ ಅವನ ಕೆಲಸ. ಅವನು ಕಾರಿಗೆ ಕೈಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳಿದನು: "ನಿಂತಾಗ ಕಾಯ್ತದೋ ಸರ, ಓಡುವಾಗ ಕಾಯ್ತದೋ?" ನಿಂತಾಗ ಏರುತ್ತದೆ, ಓಡುವಾಗ ಇಳಿಯುತ್ತದೆ ಎಂದೆ. ಅವನು ಫ್ಯಾನಿನ ತಂತಿಯ ಕೂಡುಭಾಗವನ್ನು ತೋರಿಸಿದನು. ಅದು ಸುಟ್ಟು ಕಪ್ಪಾಗಿತ್ತು. ರೇಡಿಯೇಟರಿನ ಸಂದುಗಳಲ್ಲಿ ತೊಗರಿ ಸೋಯಾಗಳ ಹೊಟ್ಟು, ಧೂಳು, ಹುಳುಗಳು ತುಂಬಿದ್ದವು. ಮುಚ್ಚಳದ ಸ್ಪ್ರಿಂಗು ತುಕ್ಕು ಹಿಡಿದು ಬಲಗುಂದಿತ್ತು. ತಂತಿ ಸರಿಮಾಡಿ, ಸಂದುಗಳನ್ನು ತೊಳೆದು, ಹೊಸ ಮುಚ್ಚಳ ಹಾಕಿ, ಒಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಡಿಸಿ 1,150 ರೂಪಾಯಿ ತೆಗೆದುಕೊಂಡನು.

ಇಲ್ಲಿ ನಾನು ಮಾಡಿದ ಎರಡು ಕೃತ್ಯಗಳನ್ನು ಹೇಳಲೇಬೇಕು. ಮೊದಲನೆಯದು, ಬೀದರದ ಮಿಸ್ತ್ರಿ ತೋರಿಸಿದ್ದ ಹಸಿರು ಕಲೆಯ ವಿಷಯವನ್ನು ಭಾಲ್ಕಿಯವನಿಗೆ ನಾನು ಹೇಳಲಿಲ್ಲ. ಇವನು ತಾನಾಗಿಯೇ ಏನು ಹೇಳುತ್ತಾನೋ ನೋಡೋಣವೆಂಬ ಪರೀಕ್ಷಕನ ಅಹಂಕಾರ ನನ್ನಲ್ಲಿತ್ತು. ಎರಡನೆಯದು, ವಾರದೊಳಗೆ ಬೀದರದ ಗ್ಯಾರೇಜಿಗೆ ಹೋಗಿ, ಕೆಲಸ ಕಲಿಯುವ ಹುಡುಗರ ಎದುರಿಗೇ ಆ ಮಿಸ್ತ್ರಿಯನ್ನು ಮೋಸಗಾರನೆಂದು ಅಂದುಬಿಟ್ಟೆನು. ಅವನು ಮರುಮಾತಾಡಲಿಲ್ಲ.

ಮುಂದಿನದನ್ನು ಹೇಳುವ ಮೊದಲು ಎಂಜಿನ್ನಿನ ಶಾಖದ ಸಂಗತಿಯನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಕಾರಣ, ವಿಷಯಜ್ಞಾನವಿಲ್ಲದ ನೀತಿವಿಚಾರವು ಗಾಳಿಗೆ ಗುದ್ದಿದಂತೆ.

ಇಂಧನವು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಹೊರಬೀಳುತ್ತದೆ. ಉಳಿದ ಪಾಲನ್ನು ನೀರು ಹೊತ್ತೊಯ್ಯಬೇಕು. ಪಂಪು ಆ ನೀರನ್ನು ಎಂಜಿನ್ನಿನ ಸುತ್ತ ಹರಿಸುತ್ತದೆ. ರೇಡಿಯೇಟರ್ ಅದನ್ನು ಗಾಳಿಗೊಡ್ಡಿ ತಂಪಾಗಿಸುತ್ತದೆ. ಕಾರು ನಿಂತಾಗ ಫ್ಯಾನು ಆ ಗಾಳಿಯನ್ನು ಎಳೆದುಕೊಡುತ್ತದೆ. ಥರ್ಮೋಸ್ಟಾಟ್ ಎಂಬುದು ಬಾಗಿಲು ಕಾಯುವವನಿದ್ದಂತೆ. ನೀರು ಸುಮಾರು 82ರಿಂದ 90 ಡಿಗ್ರಿ ಕಾಯುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ, ಅನಂತರ ತೆರೆಯುತ್ತದೆ. ಇನ್ನು ಮುಚ್ಚಳದ ಮಹಿಮೆಯನ್ನು ನಮ್ಮ ತಾಯಂದಿರು ಚೆನ್ನಾಗಿ ಬಲ್ಲರು; ಅದು ಕುಕ್ಕರಿನ ಸೀಟಿಯ ತತ್ತ್ವವೇ. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿರುವ ಬೀದರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದರೆ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ತಾಳುತ್ತದೆ. ಕೆಲವು ನೂರು ರೂಪಾಯಿಯ ಮುಚ್ಚಳ ಬಲಗುಂದಿದರೆ ಸಾವಿರಾರು ರೂಪಾಯಿಯ ಎಂಜಿನ್ನು ಕುದಿಯುವುದು ಇದರಿಂದಲೇ.

ಇಷ್ಟು ತಿಳಿದ ಮೇಲೆ ಮಿಸ್ತ್ರಿಯ ಪಟ್ಟಿಯನ್ನು ಹೇಗೆ ನೋಡಬೇಕು? ಇಲ್ಲಿ ನಮ್ಮ ಊರಿನದೇ ಒಂದು ದೃಷ್ಟಾಂತ ನೆನಪಾಗುತ್ತದೆ. ಬೀದರದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಸುರಂಗ ಬಾವಿಯೆಂದು ಜನ ಅದನ್ನು ಕರೆಯುತ್ತಾರೆ. ನೆಲದೊಳಗೆ ಸುರಂಗ ಕೊರೆದು ದೂರದ ಒರತೆಯನ್ನು ಹರಿಸಿತಂದ, ಇರಾನಿನಿಂದ ಬಂದ ವಿದ್ಯೆ ಅದು. ಅದನ್ನು ಕಟ್ಟಿದವರು ಸುರಂಗದ ಉದ್ದಕ್ಕೂ ಮೇಲಿನಿಂದ ಕೆಳಗಿಳಿಯುವ ಬಾವಿಗಳನ್ನು ತೋಡಿದ್ದಾರೆ. ಗಾಳಿ ಬೆಳಕಿಗಾಗಿ, ಹೂಳು ತೆಗೆಯುವುದಕ್ಕಾಗಿ ಇರುವ ಆ ಬಾವಿಗಳಿಂದ ಇನ್ನೊಂದು ಉಪಕಾರವೂ ಉಂಟು: ನೀರು ನಿಂತದ್ದು ಎಲ್ಲಿ ಎಂದು ಒಂದೊಂದರಲ್ಲಿ ಇಣುಕಿ ತಿಳಿಯಬಹುದು. ಕೊನೆಯ ಬಾಯಲ್ಲಿ ನಿಂತು ನೀರು ಬರಲಿಲ್ಲವೆಂದು ಇಡೀ ಸುರಂಗವನ್ನೇ ಹೊಸದಾಗಿ ಕೊರೆಯಿರೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ಪ್ರತಿಯೊಂದು ರಿಪೇರಿಗೂ ಇಣುಕಿ ನೋಡುವ ಒಂದು ಕಿಂಡಿ ಇದ್ದೇ ಇರುತ್ತದೆ. ಆ ಕಿಂಡಿಯನ್ನು ತೋರಿಸೆಂದು ಕೇಳುವುದು ಗಿರಾಕಿಯ ಹಕ್ಕು. ತೋರಿಸುವುದು ಮಿಸ್ತ್ರಿಯ ಧರ್ಮ.

ಅಂತಹ ಕಿಂಡಿಗಳು ಯಾವುವು? ಕಾರು ನಿಂತಾಗ ಅಥವಾ ಮೆಲ್ಲನೆ ಸಾಗುವಾಗ ಕಾದು, ವೇಗವಾಗಿ ಓಡುವಾಗ ತಣಿದರೆ ದೋಷವು ಹೆಚ್ಚಾಗಿ ಫ್ಯಾನಿನಲ್ಲಿರುತ್ತದೆ ಅಥವಾ ಸಂದುಗಳ ಕಸದಲ್ಲಿರುತ್ತದೆ. ಓಡುವಾಗಲೇ, ಏರು ಹತ್ತುವಾಗಲೇ ಕಾದರೆ ಒಳಗಿನ ಹರಿವಿಗೆ ತಡೆಯಾಗಿದೆ ಎಂದರ್ಥ: ರೇಡಿಯೇಟರಿನ ನಳಿಕೆ ಕಟ್ಟಿರಬಹುದು, ಥರ್ಮೋಸ್ಟಾಟ್ ತೆರೆಯದಿರಬಹುದು, ಪಂಪು ಸೋತಿರಬಹುದು. ಥರ್ಮೋಸ್ಟಾಟನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಅದು ತೆರೆಯುವುದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನಮ್ಮದು ಬಿಸಿಲನಾಡೆಂದು ಅದನ್ನು ಕಿತ್ತೇ ಬಿಡುವ ರೂಢಿ ಕೆಲವರಲ್ಲಿದೆ. ಅದು ತಪ್ಪು, ತಕ್ಕ ಶಾಖಕ್ಕೆ ಬಾರದ ಎಂಜಿನ್ನು ಹೆಚ್ಚು ಇಂಧನ ಕುಡಿದು ಬೇಗ ಸವೆಯುತ್ತದೆ. ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವನ್ನು ಅದನ್ನು ಮಾಡಿದವರೇ ಇಟ್ಟಿರುತ್ತಾರೆ. ಒಳಗಿನ ಸೀಲು ಸವೆದಾಗ ಅಲ್ಲಿಂದ ನೀರು ಜಿನುಗಿ ಕಲೆಯಾಗುತ್ತದೆ. ಸೋರಿಕೆಯ ಸಂಶಯವಿದ್ದರೆ ಕೈಪಂಪಿನಿಂದ ಒತ್ತಡ ಕೊಟ್ಟು, ಮುಳ್ಳು ಇಳಿಯುವುದೇ ಎಂದು ನೋಡುವ ಉಪಕರಣ ಹಲವು ಗ್ಯಾರೇಜುಗಳಲ್ಲಿದೆ.

ಎಲ್ಲಕ್ಕೂ ದುಬಾರಿಯಾದ ಹೆಡ್ ಗ್ಯಾಸ್ಕೆಟಿಗಂತೂ ಒಂದಲ್ಲ, ಹಲವು ಸಾಕ್ಷಿಗಳು ಬೇಕು. ಎಂಜಿನ್ ಆಯಿಲಿನಲ್ಲಿ ನೀರು ಬೆರೆತು ಮಜ್ಜಿಗೆಯ ಬಣ್ಣಕ್ಕೆ ತಿರುಗುವುದು, ಸೈಲೆನ್ಸರಿನಿಂದ ಎಡೆಬಿಡದೆ ಬಿಳಿಯ ಹೊಗೆ ಬರುವುದು, ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುತ್ತ ಹೋಗುವುದು, ಗಾಳಿ ತೆಗೆದ ಮೇಲೂ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದಿರುವುದು. ಉರಿದ ಅನಿಲವು ನೀರಿಗೆ ಬರುತ್ತಿದ್ದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾದ್ರವವೂ ಉಂಟು. ಬರಿಯ ಗುಳ್ಳೆಯನ್ನು ಕಂಡು ಎಂಜಿನ್ನು ಬಿಚ್ಚುವುದು, ಕೆಮ್ಮನ್ನು ಕೇಳಿ ಕ್ಷಯವೆಂದು ನಿರ್ಣಯಿಸಿದಂತೆ. ಇಷ್ಟೆಲ್ಲದರ ನಡುವೆ ಒಂದು ಎಚ್ಚರಿಕೆಯನ್ನು ಯಾರೂ ಮರೆಯಬಾರದು: ಕಾದ ಎಂಜಿನ್ನಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು, ಒತ್ತಡದ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಪದೇ ಪದೇ ತುಂಬುವುದೂ ಸಲ್ಲದು. ಚಹದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿಯೂ ಕಟ್ಟುತ್ತದೆ. ಹಿಮ ಬೀಳದ ನಾಡಿನಲ್ಲಿ ಕೂಲಂಟ್ ಏಕೆಂದು ಕೇಳುವವರಿಗೆ ಉತ್ತರವಿಷ್ಟೇ: ಅದು ತುಕ್ಕನ್ನು ತಡೆಯುತ್ತದೆ, ಕುದಿಯುವುದನ್ನು ಮುಂದೂಡುತ್ತದೆ.

ಈಗ ಕಥೆಯ ಉಳಿದ ಭಾಗ. ಎರಡು ತಿಂಗಳು ಕಳೆದ ಮೇಲೆ ವೃದ್ಧೆಯಾದ ನಮ್ಮ ಚಿಕ್ಕಮ್ಮನನ್ನು ಕೂಡಿಸಿಕೊಂಡು ಮತ್ತೆ ಔರಾದಕ್ಕೆ ಹೊರಟೆವು. ಸಂತಪೂರವನ್ನು ದಾಟಿದ ಮೇಲೆ ಎಂಜಿನ್ನಿನ ಕಡೆಯಿಂದ ಕಿರುಗುಟ್ಟುವ ಸದ್ದು ಕೇಳಿಸಿತು. ಓಡುತ್ತಿದ್ದಂತೆಯೇ ಮುಳ್ಳು ಏರಿತು. ಓಡುವಾಗ ಏರಿದರೆ ಅರ್ಥವೇನೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಆ ಕ್ಷಣವೇ ನಿಲ್ಲಿಸಬೇಕಿತ್ತು. ಔರಾದ ಇನ್ನೇನು ಬಂತು, ಚಿಕ್ಕಮ್ಮನನ್ನು ದಾರಿಯಲ್ಲಿ ಇಳಿಸುವುದೆಂತು ಎಂದು ನಾಲ್ಕೈದು ಕಿಲೋಮೀಟರು ಹಾಗೆಯೇ ಓಡಿಸಿದೆನು. ಕಾರು ತಾನೇ ನಿಂತಿತು. ಬಿಸಿಲಿನಲ್ಲಿ, ಒಂದು ಬೇವಿನ ಮರದ ಕೆಳಗೆ, ಆ ಮುದುಕಿ ಎರಡು ಗಂಟೆ ಕುಳಿತಳು. ಒಂದು ಮಾತು ಆಕ್ಷೇಪಿಸಲಿಲ್ಲ. ಬಾಟಲಿಯ ನೀರನ್ನು ಮೊದಲು ನನಗೇ ಕೊಟ್ಟಳು.

ಕಾರನ್ನು ಎಳೆಸಿಕೊಂಡು ಬೀದರದ ಅದೇ ಗ್ಯಾರೇಜಿಗೆ ಹೋದೆನು. ಬೇರೆಲ್ಲಿಗೂ ಹೋಗಲು ಮನಸ್ಸು ಒಪ್ಪಲಿಲ್ಲ. ಹಸಿರು ಕಲೆಯಿದ್ದ ಪಂಪೇ ಮುರಿದಿತ್ತು. ಕಾದ ಎಂಜಿನ್ನನ್ನು ನಾನು ಓಡಿಸಿದ್ದರಿಂದ ಹೆಡ್ ಬಾಗಿ ಗ್ಯಾಸ್ಕೆಟ್ ಸುಟ್ಟಿತ್ತು. ಅಂದು ಬೇಡವಾಗಿದ್ದ ರಿಪೇರಿಯನ್ನು ನನ್ನ ಕೈಯಾರೆ ಬೇಕಾದದ್ದನ್ನಾಗಿ ಮಾಡಿಕೊಂಡಿದ್ದೆ. ನಾನು ಕ್ಷಮೆ ಕೇಳಿದೆನು, ಅದೇ ಹುಡುಗರ ಎದುರಿಗೆ. ಆ ಮಿಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಪಂಪಿನ ಮಾತು ಖರೆ ಇತ್ತು ಸರ. ಗ್ಯಾಸ್ಕೆಟ್ ಮಾತು ನಂದೂ ಅಂದಾಜೇ ಇತ್ತು. ಗುಳ್ಳಿ ಕಂಡು ಹೇಳಿಬಿಟ್ಟೆ."

ವಾಚಕರೇ, ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡಿರಿ. ಅವನ ಪಟ್ಟಿಯಲ್ಲಿ ಮುಚ್ಚಳ ನಿಜವಾಗಿತ್ತು, ಪಂಪು ನಿಜವಾಗಿತ್ತು; ರೇಡಿಯೇಟರ್ ತೊಳೆದರೆ ಸಾಕಾಗುತ್ತಿತ್ತು; ಗ್ಯಾಸ್ಕೆಟ್ ಊಹೆಯಾಗಿತ್ತು. ಒಂದೇ ಬಾಯಿಂದ ಸತ್ಯವೂ ಅಂದಾಜೂ ಒಟ್ಟಿಗೆ ಬಂದಿದ್ದವು. ನಾನು ಮಾಡಿದ ತಪ್ಪೆಂದರೆ ಮಾತುಗಳನ್ನು ಒಂದೊಂದಾಗಿ ತೂಗುವ ಬದಲು ಮನುಷ್ಯನನ್ನೇ ತಕ್ಕಡಿಗೆ ಹಾಕಿದ್ದು. ಒಂದು ಮಾತು ಸುಳ್ಳಾದರೆ ಆಳೇ ಸುಳ್ಳು ಎಂದುಕೊಂಡೆ. ಭಾಲ್ಕಿಯವನ ಒಂದು ಮಾತು ನಿಜವಾದ್ದರಿಂದ ಅವನು ನೋಡದೇ ಬಿಟ್ಟದ್ದೂ ಸರಿಯಾಗಿಯೇ ಇದೆ ಎಂದುಕೊಂಡೆ. ಅವನು ನೋಡದೇ ಬಿಟ್ಟದ್ದಾದರೂ ನಾನು ಮುಚ್ಚಿಟ್ಟದ್ದರಿಂದ. ಎರಡನೆಯ ಅಭಿಪ್ರಾಯವನ್ನು ಕೇಳುವುದು ವಿವೇಕ. ಆದರೆ ತಿಳಿದದ್ದನ್ನು ಬಚ್ಚಿಟ್ಟು ಕೇಳುವುದು ಅಭಿಪ್ರಾಯವನ್ನು ಕೇಳಿದಂತಲ್ಲ, ಬಲೆ ಒಡ್ಡಿದಂತೆ. ಆ ಬಲೆಯಲ್ಲಿ ಬಿದ್ದವನು ನಾನೇ.

ಈ ಸಮಸ್ಯೆ ನಮ್ಮ ಜಿಲ್ಲೆಯದಷ್ಟೇ ಅಲ್ಲ, ಲೋಕದ್ದೇ ಆಗಿದೆ. 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಿಸಿ ಬರೆದ ಲೇಖನವು ಪ್ರಸಿದ್ಧವಾಯಿತು; 2001ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಕೊಳ್ಳುವವನು ಎಲ್ಲರನ್ನೂ ಶಂಕಿಸಿ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಮಾಲಿನವನು ಪೇಟೆಯಿಂದಲೇ ಹೊರಟುಹೋಗುತ್ತಾನೆ ಎಂಬುದು ಅದರ ಸಾರ. 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಂಡ ಮೇಲೂ ಅಗತ್ಯವಿತ್ತೋ ಇಲ್ಲವೋ ಎಂದು ತಿಳಿಯಲಾಗದ ಸೇವೆಗಳಿವೆ ಎಂದು ತೋರಿಸಿದರು. ವಾಹನದ ರಿಪೇರಿ ಅಂತಹದೇ. ಐದು ಭಾಗ ಬದಲಿಸಿದ ಮೇಲೆ ಕಾರು ಚೆನ್ನಾಗಿ ಓಡಿದರೆ, ಒಂದರಿಂದಲೇ ಓಡುತ್ತಿತ್ತೋ ಎಂಬುದು ಯಾರಿಗೂ ತಿಳಿಯದು. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸರಕಾರಿ ಇಲಾಖೆಯು ಒಂದು ದೊಡ್ಡ ವ್ಯಾಪಾರಸಂಸ್ಥೆಯ ರಿಪೇರಿ ಅಂಗಡಿಗಳ ಮೇಲೆ, ಬೇಡವಾದ ರಿಪೇರಿಗಳನ್ನು ಮಾಡಿಸುತ್ತಿದ್ದಾರೆಂಬ ಆರೋಪ ಹೊರಿಸಿತು. ಅಲ್ಲಿ ನೌಕರರಿಗೆ ಮಾರಾಟದ ಮೇಲೆ ಕಮಿಷನ್ನೂ ಗುರಿಗಳೂ ಇದ್ದವು; ಅನಂತರ ಆ ಸಂಸ್ಥೆಯು ಸಲಹೆ ನೀಡುವ ನೌಕರರಿಗೆ ಕೊಡುತ್ತಿದ್ದ ಆ ಪ್ರೋತ್ಸಾಹಧನದ ಪದ್ಧತಿಯನ್ನೇ ಕೈಬಿಟ್ಟಿತು. ಮನುಷ್ಯನ ಲೋಭಕ್ಕಿಂತಲೂ ಲೋಭವನ್ನು ಬೆಳೆಸುವ ವ್ಯವಸ್ಥೆಯು ದೊಡ್ಡ ದೋಷವೆಂಬುದನ್ನು ಇದು ತೋರಿಸುತ್ತದೆ.

ಅಂತಹದೊಂದು ವ್ಯವಸ್ಥೆಯನ್ನು ನಾವು ಗಿರಾಕಿಗಳೂ ಬೆಳೆಸುತ್ತಿದ್ದೇವೆ. ಹೇಗೆಂದರೆ, ಮಿಸ್ತ್ರಿಯು ಒಂದು ಗಂಟೆ ಬಗ್ಗಿ ನೋಡಿ, "ಏನೂ ಆಗಿಲ್ಲ, ತೊಳೆದರೆ ಸಾಕು" ಎಂದರೆ ನಾವು ಐವತ್ತು ರೂಪಾಯಿ ಕೊಡಲೂ ಹಿಂದೆಗೆಯುತ್ತೇವೆ. "ಏನೂ ಮಾಡಲಿಲ್ಲವಲ್ಲ" ಎನ್ನುತ್ತೇವೆ. ಅವನ ಕಣ್ಣಿಗೆ, ಅನುಭವಕ್ಕೆ, ಸತ್ಯ ಹೇಳಿದ್ದಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಬದಲಿಸಿದ ಭಾಗಕ್ಕೆ ಮಾತ್ರ ಬೆಲೆಯಿದೆ. ಸತ್ಯಕ್ಕೆ ಕೂಲಿಯಿಲ್ಲದ ಕಡೆ ಅವನು ಭಾಗ ಮಾರದೆ ಮಕ್ಕಳನ್ನು ಸಾಕುವುದೆಂತು? ನೋಡುವುದಕ್ಕೆ ಬೇರೆಯಾಗಿ ಕೂಲಿ ಕೊಡುವವನು ನಿಜವನ್ನು ಕೇಳುವ ಅಧಿಕಾರವನ್ನು ಪಡೆಯುತ್ತಾನೆ.

ಕಲ್ಯಾಣದಲ್ಲಿ, ಇಂದು ನಮ್ಮ ಜಿಲ್ಲೆಯಲ್ಲಿಯೇ ಇರುವ ಬಸವಕಲ್ಯಾಣದಲ್ಲಿ, ಆಯ್ದಕ್ಕಿಯ ಮಾರಯ್ಯ ಲಕ್ಕಮ್ಮ ದಂಪತಿಗಳಿದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಈ ಪ್ರಸಂಗವನ್ನು ದುಡಿಯುವವನ ನಿರ್ಲೋಭಕ್ಕೆ ಮಾತ್ರ ಉದಾಹರಿಸುವುದು ವಾಡಿಕೆ. ಆದರೆ ಲಕ್ಕಮ್ಮನಿಗೆ ಹೆಚ್ಚಾಯಿತೆಂದು ತಿಳಿದದ್ದು ಹೇಗೆ? ತನ್ನ ಮನೆಗೆ ದಿನಕ್ಕೆ ಎಷ್ಟು ಬೇಕೆಂಬ ಅಳತೆ ಅವಳಿಗೆ ಗೊತ್ತಿತ್ತು. ಅಳತೆ ಬಲ್ಲವಳಿಗೆ ಮಾತ್ರ ಹೆಚ್ಚು ಕಡಿಮೆ ತಿಳಿಯುತ್ತದೆ. ಮಿಸ್ತ್ರಿಗೆ ಆಕೆಯ ನಿರ್ಲೋಭ ಬೇಕಾದಂತೆ ಗಿರಾಕಿಗೆ ಆಕೆಯ ಅಳತೆಯ ಅರಿವು ಬೇಕು. ಮುಳ್ಳು ಎಂದೂ ಎಲ್ಲಿ ನಿಲ್ಲುತ್ತದೆ, ಎಷ್ಟು ದಿನಕ್ಕೆ ಎಷ್ಟು ನೀರು ಕಡಿಮೆಯಾಗುತ್ತದೆ ಎಂದು ಗಮನಿಸದವನು ಯಾರ ಮಾತನ್ನೂ ಅಳೆಯಲಾರನು.

ಹೊರಗಿನ ಥಳಕನ್ನು ಕಂಡು ಒಳಗನ್ನು ಅಳೆಯುವುದೂ ತಪ್ಪು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಮರೆತಿಲ್ಲ. ಫಲಕವನ್ನಷ್ಟೇ ಓದಿ ಹೊರಟವನಿಗೆ ಆ ಶಾಲೆಯ ನಿಜ ತಿಳಿಯುತ್ತಿರಲಿಲ್ಲ. ಗಾಜಿನ ಬಾಗಿಲಿನ ಗ್ಯಾರೇಜಿಗೂ ತಗಡಿನ ಚಪ್ಪರಕ್ಕೂ ಇದೇ ಮಾತು ಸಲ್ಲುತ್ತದೆ.

ಆದ್ದರಿಂದ ತಾವು ಇಂತಹ ಪಟ್ಟಿಯೊಂದು ಕೈಗೆ ಬಂದಾಗ ಕೋಪಿಸಿಕೊಳ್ಳದೆ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಕೆಟ್ಟಿದೆಯೆಂದು ಹೇಗೆ ತಿಳಿಯಿತು, ನನಗೂ ತೋರಿಸಬಲ್ಲಿರಾ? ಇಂದೇ ಮಾಡಿಸದಿದ್ದರೆ ಏನಾಗುತ್ತದೆ? ಇದರಲ್ಲಿ ನೋಡಿ ಹೇಳಿದ್ದು ಯಾವುದು, ಅಂದಾಜಿನಿಂದ ಹೇಳಿದ್ದು ಯಾವುದು? ಪಟ್ಟಿಯನ್ನು ಬರೆಸಿಕೊಳ್ಳಿರಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಇನ್ನೊಬ್ಬರಲ್ಲಿಗೆ ಹೋದರೆ ಮೊದಲಿನವನು ಹೇಳಿದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿರಿ. ನಿಜವಾಗಿ ಮೋಸವೇ ನಡೆದಿದ್ದರೆ 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ, ಜಿಲ್ಲಾ ಆಯೋಗವಿದೆ. ಬೀದಿಯಲ್ಲಿ ನಿಂತು ಬೈಯುವ ಅಗತ್ಯವಿಲ್ಲ.

ಆ ಕಾರು ಈಗ ನಮ್ಮಲ್ಲಿಲ್ಲ. ಹಣದ ನಷ್ಟವನ್ನೂ ನಾನು ಮರೆತಿದ್ದೇನೆ. ಆದರೆ ಅಂದು ಆ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರಲ್ಲಿ ಒಬ್ಬನು ಇಂದು ತಾನೇ ಗ್ಯಾರೇಜು ಇಟ್ಟಿದ್ದಾನೆ. ಮೊನ್ನೆ ಸಿಕ್ಕಾಗ ಹೇಳಿದನು: "ನಮ್ಮ ಉಸ್ತಾದ್ ಆಮ್ಯಾಲ ಯಾರಿಗೂ ತೋರಿಸದೆ ಏನೂ ಬಿಚ್ಚಲಿಲ್ಲ ಸರ. ನಾನೂ ಹಂಗೇ ಮಾಡ್ತೀನಿ." ನನ್ನ ಬೈಗುಳದಿಂದ ಇದು ಆಗಲಿಲ್ಲವೆಂಬುದನ್ನು ಬಲ್ಲೆನು. ತಪ್ಪನ್ನು ಇಬ್ಬರೂ ಒಪ್ಪಿಕೊಂಡ ಆ ಒಂದು ಗಳಿಗೆಯಿಂದ ಆಯಿತೆಂದು ನಂಬಿದ್ದೇನೆ.